ತಲೆಗೆ ಅರ್ಧ ಗುಂಟೆ, ತಲೆಗೆ ಏಳೂವರೆ ಆನೆ

ಸ್ವೀಡನ್ ದೇಶವನ್ನು ಸಾವಿರ ತುಂಡು ಮಾಡಿ. ಅದರಲ್ಲಿ ಒಂದನ್ನು ಎತ್ತಿ ತಂದು ಅರಬ್ಬಿ ಕಡಲಿನ ದಂಡೆಗೆ ಇಡಿ. ಆಮೇಲೆ ಇಡೀ ಸ್ವೀಡನ್ನಿನ ಜನರನ್ನು, ಮಕ್ಕಳು ಮುದುಕರು ಮಂತ್ರಿಮಾನ್ಯರ ಸಮೇತ, ಆ ಒಂದೇ ತುಂಡಿನ ಮೇಲೆ ಇಳಿಸಿ. ಈಗ ನಿಮ್ಮ ಮುಂದಿರುವುದು ಹೆಚ್ಚುಕಡಿಮೆ ಮುಂಬೈ ಉಪನಗರ ಜಿಲ್ಲೆ. 2011ರ ಜನಗಣತಿಯಲ್ಲಿ ಅಲ್ಲಿ ಸಿಕ್ಕಿದ ತಲೆಗಳು 93,56,962. ಅದೇ ಹೊತ್ತಿಗೆ ಸ್ವೀಡನ್ನಿನಲ್ಲಿದ್ದವರು ಸುಮಾರು 94 ಲಕ್ಷ. ಸ್ವೀಡನ್ನಿನ ವಿಸ್ತೀರ್ಣ ನಾಲ್ಕೂವರೆ ಲಕ್ಷ ಚದರ ಕಿಲೋಮೀಟರ್. ಉಪನಗರದ್ದು 446. ಅಚ್ಚಿನಲ್ಲಿ ಸೊನ್ನೆ ಬಿಟ್ಟುಹೋಗಿಲ್ಲ, ನಾನ್ನೂರ ನಲವತ್ತಾರೇ.

ಪಶ್ಚಿಮದಲ್ಲಿ ಬಾಂದ್ರಾದಿಂದ ದಹಿಸರ್‌ವರೆಗೆ, ಪೂರ್ವದಲ್ಲಿ ಕುರ್ಲಾದಿಂದ ಮುಲುಂಡ್‌ವರೆಗೆ, ಕಡಲು ಒಳಚಾಚಿದ ಖಾಡಿಯ ಕಡೆ ಮಾನ್‌ಖುರ್ದ್‌ವರೆಗೆ ಹಬ್ಬಿದ ಈ ನೆಲ ಬೇರೆ ಜಿಲ್ಲೆಯಾದದ್ದು 1990ರ ಅಕ್ಟೋಬರ್ 1ರಂದು. ದಕ್ಷಿಣಕ್ಕಿರುವ, ಗೇಟ್‌ವೇ ಮತ್ತು ಮರೀನ್ ಡ್ರೈವ್ ಇರುವ ಮೂಲ ಮುಂಬೈ ಜಿಲ್ಲೆಯಲ್ಲಿ 2011ರಲ್ಲಿ ಇದ್ದವರು 30,85,411 ಜನ. ಅಂದರೆ ಬಾಲ ನಾಯಿಗಿಂತ ಮೂರು ಪಟ್ಟು ದೊಡ್ಡದು. ‘ಧಾರಾವಿ ಇದೆಯಲ್ಲ, ಅದಕ್ಕೇ ಈ ಲೆಕ್ಕ’ ಎಂದು ಯಾರಾದರೂ ಮೂಗು ಮುರಿದರೆ ಅವರಿಗೆ ಹೇಳಿ: ಧಾರಾವಿ ಈ ಜಿಲ್ಲೆಯಲ್ಲಿಲ್ಲ. ಅದು ಮಾಹಿಮ್ ಖಾಡಿಯ ಆಚೆ, ನಗರ ಜಿಲ್ಲೆಯ ಪಾಲು. ಧಾರಾವಿಯನ್ನು ಬಿಟ್ಟುಕೊಟ್ಟ ಮೇಲೂ ಉಪನಗರದ ಸಾಂದ್ರತೆ ನಗರಕ್ಕಿಂತ ಒಂದು ಕೈ ಮೇಲು.

ಸ್ವೀಡನ್ ದೂರವಾಯಿತು ಎನ್ನುವವರಿಗೆ ನಮ್ಮ ಕರಾವಳಿಯನ್ನೇ ತೆಗೆದುಕೊಳ್ಳೋಣ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಜಿಲ್ಲೆಗಳ ಜನರನ್ನು ಕೂಡಿಸಿದರೆ 2011ರಲ್ಲಿ 47 ಲಕ್ಷ. ತಲಪಾಡಿಯಿಂದ ಕಾರವಾರದವರೆಗೆ ಒಬ್ಬರನ್ನೂ ಬಿಡದೆ ಎಣಿಸಿ, ಆ ಮೊತ್ತವನ್ನು ಎರಡು ಪಟ್ಟು ಮಾಡಿದರೆ ಉಪನಗರದ ಜನಸಂಖ್ಯೆ. ಆದರೆ ಮೂರು ಜಿಲ್ಲೆಗಳ ನೆಲ ಉಪನಗರದ ನಲವತ್ತು ಪಟ್ಟು. ನಮ್ಮಲ್ಲಿ ಬೆಂಗಳೂರು ನಗರ ಜಿಲ್ಲೆ ಮಾತ್ರ ಜನಸಂಖ್ಯೆಯಲ್ಲಿ ಇದಕ್ಕೆ ಸರಿಗಟ್ಟುತ್ತದೆ: 96 ಲಕ್ಷ. ಹೊರವರ್ತುಲ ರಸ್ತೆಯಲ್ಲಿ ನಿಂತು ‘ಇನ್ನು ಈ ಊರಲ್ಲಿ ಕಾಲಿಡಲು ಜಾಗವಿಲ್ಲ’ ಎಂದು ಗೊಣಗುವ ಬೆಂಗಳೂರಿಗರು ಕೇಳಿಸಿಕೊಳ್ಳಬೇಕಾದ ಸುದ್ದಿ ಏನೆಂದರೆ, ಅವರಿಗೆ 2,196 ಚದರ ಕಿಲೋಮೀಟರ್ ಇದೆ. ಉಪನಗರದವರ ಹತ್ತಿರ ಅದರ ಐದನೇ ಒಂದು ಪಾಲು.

ಭಾಗಿಸಿ ನೋಡಿದರೆ ಚದರ ಕಿಲೋಮೀಟರಿಗೆ 20,980 ಜನ. ಈ ಅಂಕಿಯನ್ನು ಓದಿ ಮುಂದೆ ಹೋಗುವುದು ಸುಲಭ, ಆದ್ದರಿಂದ ತಿರುಗಿಸಿ ನೋಡೋಣ. ಒಬ್ಬೊಬ್ಬರ ಪಾಲಿಗೆ ಬರುವ ನೆಲ 47.7 ಚದರ ಮೀಟರ್, ಅಂದರೆ 513 ಚದರಡಿ. ಅರ್ಧ ಗುಂಟೆಗೂ ಕಡಿಮೆ. ಕ್ರಿಕೆಟ್ಟಿನ ಪಿಚ್ಚು 22 ಗಜ ಉದ್ದ, 10 ಅಡಿ ಅಗಲ. ಅದರ ವಿಸ್ತೀರ್ಣ 61 ಚದರ ಮೀಟರ್. ಉಪನಗರದವನೊಬ್ಬ ತನ್ನ ಪಾಲಿನ ನೆಲದಲ್ಲಿ ವಿಕೆಟ್ ನೆಟ್ಟು ಬೌಲಿಂಗ್ ಮಾಡಹೊರಟರೆ ಚೆಂಡು ಪಕ್ಕದವನ ಪಾಲಿನಲ್ಲಿ ಪುಟಿಯುತ್ತದೆ. ಅದೂ ಮಲಗಲು, ಉಣ್ಣಲು ಸಿಗುವ ಜಾಗವಲ್ಲ. ರಸ್ತೆ, ರೈಲು ಹಳಿ, ಕಾರ್ಖಾನೆ, ಸ್ಮಶಾನ, ಉಪ್ಪಿನ ಗದ್ದೆ, ಕಾಂಡ್ಲಾ ಕಾಡು, ವಿಹಾರ್, ತುಳಸಿ, ಪವಾಯಿ ಕೆರೆಗಳು, ವಿಮಾನ ನಿಲ್ದಾಣ ಎಲ್ಲ ಆ 513 ಚದರಡಿಯಲ್ಲೇ ಅಡಕ.

ಈ ಸಾಂದ್ರತೆಯಲ್ಲಿ ಕರ್ನಾಟಕವನ್ನು ತುಂಬಿದರೆ 402 ಕೋಟಿ ಜನ ಹಿಡಿಯುತ್ತಾರೆ. 2022ರ ನವೆಂಬರಿನಲ್ಲಿ ಭೂಮಿಯ ಜನಸಂಖ್ಯೆ 800 ಕೋಟಿ ಮುಟ್ಟಿತು ಎಂದು ವಿಶ್ವಸಂಸ್ಥೆ ಸಾರಿತಲ್ಲ, ಆ 800 ಕೋಟಿಗೂ ಎರಡು ಕರ್ನಾಟಕ ಸಾಕು. ಅಮೆರಿಕ, ಚೀನಾ, ಆಫ್ರಿಕಾ ಖಂಡ, ಅಂಟಾರ್ಕ್ಟಿಕಾದ ವಿಜ್ಞಾನಿಗಳು ಎಲ್ಲರೂ ಬಂದು ಬಾಂದ್ರಾ, ಅಂಧೇರಿ, ಬೊರಿವಲಿಯವರ ಹಾಗೆ ಒತ್ತಿಕೊಂಡು ಕೂತರೆ ಬೀದರಿನಿಂದ ಚಾಮರಾಜನಗರದವರೆಗಿನ ನಕ್ಷೆ ಎರಡು ಸಲ ತುಂಬುತ್ತದೆ. ಉಳಿದ ಭೂಮಂಡಲವೆಲ್ಲ ಖಾಲಿ.

ಇಷ್ಟು ಹೇಳಿದ ಮೇಲೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಈ ಜಿಲ್ಲೆಯ ನಡುವಿನಿಂದ ಠಾಣೆಯ ಕಡೆಗೆ 104 ಚದರ ಕಿಲೋಮೀಟರ್ ಕಾಡು ಚಾಚಿಕೊಂಡಿದೆ: ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ. ಕಾಡೆಂದರೆ ಬರೀ ಮರಗಳಲ್ಲ, ಚಿರತೆಗಳು. ನೂರು ಚದರ ಕಿಲೋಮೀಟರಿಗೆ ಇಪ್ಪತ್ತಕ್ಕೂ ಹೆಚ್ಚು ಚಿರತೆಗಳಿರುವ ಈ ಜಾಗ, ಲೋಕದಲ್ಲೇ ಚಿರತೆಗಳು ಒತ್ತೊತ್ತಾಗಿ ಬದುಕುವ ತಾಣಗಳ ಸಾಲಿನಲ್ಲಿದೆ. ಉಪನಗರದ ನೀರಿನ ಗುಣವೋ ಏನೋ, ಚಿರತೆಗೂ ಒತ್ತಿಕೊಂಡು ಬದುಕುವ ಅಭ್ಯಾಸವಾಗಿದೆ! ಹಾಗಿದ್ದೂ ಒಂದು ಚಿರತೆಯ ಪಾಲು ಸುಮಾರು ನಾಲ್ಕು ಚದರ ಕಿಲೋಮೀಟರ್. ಕಾಡಿನ ಗೋಡೆಯ ಈಚೆ ಅಷ್ಟೇ ಜಾಗದಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಮನುಷ್ಯರು.

ಗಂಡಸರ ಲೆಕ್ಕ ಬೇರೆಯದೇ ಬೆರಗು. 2011ರಲ್ಲಿ ಇಲ್ಲಿ ಗಂಡಸರು 50,31,323, ಹೆಂಗಸರು 43,25,639. ಸಾವಿರ ಗಂಡಸರಿಗೆ 860 ಹೆಂಗಸರು ಎಂದು ಬರೆದರೆ ಕಣ್ಣಿಗೆ ಅಷ್ಟೇನೂ ರಾಚುವುದಿಲ್ಲ. ಕಳೆದು ನೋಡಿ: ಹೆಚ್ಚುವರಿ ಗಂಡಸರೇ 7,05,684. ಕೊಡಗು ಜಿಲ್ಲೆಯ ಗಂಡು ಹೆಣ್ಣು ಮಕ್ಕಳೆಲ್ಲ ಸೇರಿ ಐದೂವರೆ ಲಕ್ಷ. ಬರೀ ವ್ಯತ್ಯಾಸದಿಂದಲೇ ಒಂದು ಕೊಡಗು ತುಂಬಿ, ಇನ್ನೂ ಒಂದೂವರೆ ಲಕ್ಷ ಗಂಡಸರು ಮಡಿಕೇರಿ ಬಸ್ ನಿಲ್ದಾಣದಲ್ಲಿ ಉಳಿಯುತ್ತಾರೆ. ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ದುಡಿಯಲು ಬಂದವರ ಊರು ಇದು. ನಮ್ಮ ಘಟ್ಟದ ಕೆಳಗಿನ ಊರುಗಳಿಂದ ಹೋದವರ ಕತೆಯೂ ಅದೇ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಪಾಠ ಕಲಿತು, ಶಟರ್ ಎಳೆದ ಮೇಲೆ ಅದೇ ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗಿದ ಹುಡುಗರು ಯಾವ ಮನೆಯ ಲೆಕ್ಕದಲ್ಲಿ ಬಂದರೋ.

2001ರಿಂದ 2011ರ ನಡುವೆ ಹಳೆಯ ಮುಂಬೈ ಕರಗಿತು. ಎರಡೂವರೆ ಲಕ್ಷ ಜನ ಕಡಿಮೆಯಾದರು. ಅದೇ ಹತ್ತು ವರ್ಷದಲ್ಲಿ ಉಪನಗರಕ್ಕೆ ಸೇರಿದವರು 7,16,543. ಹುಟ್ಟಿದ್ದು ಸತ್ತದ್ದು, ಬಂದದ್ದು ಹೋದದ್ದು ಎಲ್ಲ ಕೂಡಿ ಕಳೆದು ಉಳಿದ ಲೆಕ್ಕ ಇದು. ದಿನಕ್ಕೆ 196. ಒಂದು ಕೆಂಪು ಬಸ್ಸಿನ ಸೀಟು 55 ಎಂದರೆ, ದಿನಾ ಮೂರೂವರೆ ಬಸ್ಸು ಭರ್ತಿಯಾಗಿ ಬಂದು, ಖಾಲಿಯಾಗಿ ಹಿಂದಿರುಗಿತು. ಭಾನುವಾರವಿಲ್ಲ, ದೀಪಾವಳಿಯಿಲ್ಲ, ಬಂದ್ ಇಲ್ಲ. ಹತ್ತು ವರ್ಷ.

ಬಂದವರನ್ನು ಎಲ್ಲಿಟ್ಟರು?

ಬೃಹನ್ಮುಂಬೈಯ ಎರಡೂ ಜಿಲ್ಲೆ ಸೇರಿ ಕೊಳೆಗೇರಿಗಳಲ್ಲಿ ಇದ್ದವರು 2011ರಲ್ಲಿ ಸುಮಾರು 52 ಲಕ್ಷ, ಒಟ್ಟು ಜನರಲ್ಲಿ ನೂರಕ್ಕೆ ಸುಮಾರು ನಲವತ್ತೆರಡು. ಸ್ವೀಡನ್ ಮುಗಿಯಿತು, ಈಗ ಪಕ್ಕದ ನಾರ್ವೆಯನ್ನು ಕರೆಯಬೇಕು: ಆ ದೇಶದ ಒಟ್ಟು ಜನ ಆಗ 50 ಲಕ್ಷ. ಝೋಪಡಿಯೋ ಚಾಳೋ, ಒಳಗೆ ಇಣುಕಿದರೆ ಹತ್ತು ಹನ್ನೆರಡಡಿಯ ಖೋಲಿ. ಬಾಗಿಲ ಪಕ್ಕದಲ್ಲೇ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ. ಸ್ನಾನ, ಪಾತ್ರೆ, ಬಟ್ಟೆ ಮೂರಕ್ಕೂ ಅದೇ. ಮೋರಿಯ ಅಂಚಿನಲ್ಲಿ ನೀಲಿ ಡ್ರಮ್ಮು, ಡ್ರಮ್ಮಿನ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಮಕ್ಕಳ ಶಾಲೆಯ ಚೀಲ. ತಲೆಯ ಮೇಲೆ ಪೋಟ್‌ಮಾಳಾ, ಅದಕ್ಕೊಂದು ಕಬ್ಬಿಣದ ಏಣಿ. ಆ ಅಟ್ಟದಲ್ಲಿ ನಿಲ್ಲಲು ಆಗುವುದಿಲ್ಲ, ತೆವಳಿ ಹೋಗಿ ಮಲಗಬೇಕು. 120 ಚದರಡಿಯಲ್ಲಿ ಆರು ಜನ ಎಂದರೆ ತಲೆಗೆ 20 ಚದರಡಿ. ಆರಡಿ ಉದ್ದ, ಮೂರಡಿ ನಾಲ್ಕಂಗುಲ ಅಗಲ. ಒಬ್ಬ ಅಂಗಾತ ಮಲಗಿದರೆ ಮುಗಿಯಿತು. ಎಲ್ಲರೂ ಒಟ್ಟಿಗೆ ಮಗ್ಗಲು ಬದಲಿಸುವ ಒಪ್ಪಂದ ಮಾಡಿಕೊಂಡರೆ ಏಳನೆಯ ನೆಂಟನಿಗೂ ಜಾಗವಾದೀತು.

ಕೊಳೆಗೇರಿ ಪುನರ್ವಸತಿ ಯೋಜನೆಯಲ್ಲಿ ಇವರಿಗೆ ಉಚಿತವಾಗಿ ಸಿಗುವ ಮನೆ ಮೊದಲು 225 ಚದರಡಿ ಇತ್ತು, ಆಮೇಲೆ 269 ಆಯಿತು, ಈಗ 300. ಬೆಂಗಳೂರಿನ ಮೂವತ್ತು ನಲವತ್ತರ ಸೈಟಿನ ಕಾಲು ಭಾಗ. ಬ್ಯಾಡ್ಮಿಂಟನ್ ಅಂಕಣವೊಂದರಲ್ಲಿ ಇಂಥ ಮೂರು ಮನೆ ಕೂರಿಸಲು ಹೋದರೆ 20 ಚದರಡಿ ಸಾಲದೆ ಬರುತ್ತದೆ, ಮೂರನೆಯವರು ಮೋರಿ ಬಿಟ್ಟುಕೊಡಬೇಕು. ಖೋಲಿಯಿಂದ ಬಂದವರಿಗೆ ಅದು ಎರಡೂವರೆ ಪಟ್ಟು ಅರಮನೆ ಎಂಬುದನ್ನೂ ಮರೆಯುವ ಹಾಗಿಲ್ಲ.

ಅಲ್ಲಿಂದ ಆಟೋ ಹಿಡಿದು ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿಗೆ ಬನ್ನಿ. ಹನೇಹಳ್ಳಿಯ ಕಾದಂಬರಿಕಾರ ಯಶವಂತ ಚಿತ್ತಾಲರು ಕಡಲಿಗೆ ಮುಖ ಮಾಡಿ ಕೂತು ಬರೆದದ್ದು ಇಲ್ಲಿ. ಇಂದು ಈ ದಂಡೆಯ ಕಡಲು ಕಾಣುವ ಕಟ್ಟಡಗಳಲ್ಲಿ ಚದರಡಿಗೆ ಒಂದು ಲಕ್ಷ ರೂಪಾಯಿ ದಾಟಿದ ವ್ಯವಹಾರ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. ನಾನು ಬೆಚ್ಚಿ ಕ್ಯಾಲ್ಕ್ಯುಲೇಟರ್ ತೆಗೆದೆ. 500 ರೂಪಾಯಿಯ ನೋಟು 150 ಮಿಲಿಮೀಟರ್ ಉದ್ದ, 66 ಅಗಲ. ಒಂದು ಚದರಡಿ ನೆಲ ಮುಚ್ಚಲು ಒಂಬತ್ತೂವರೆ ನೋಟು ಸಾಕು. ಲಕ್ಷ ರೂಪಾಯಿಗೆ ನೋಟುಗಳು 200. ಅಂದರೆ ಮನೆಯ ನೆಲದ ತುಂಬ, ಗೋಡೆಯಿಂದ ಗೋಡೆಗೆ, ಐನೂರರ ನೋಟುಗಳನ್ನು ಒಂದರ ಮೇಲೊಂದರಂತೆ 21 ಪದರ ಹಾಸಬೇಕು. ಇಟಾಲಿಯನ್ ಮಾರ್ಬಲ್ ಹಾಕಿಸುವ ಖರ್ಚು ಅದರ ಮುಂದೆ ಏನೂ ಅಲ್ಲ. ಅಲ್ಲಿ 300 ಚದರಡಿಯ ಬೆಲೆ ಮೂರು ಕೋಟಿ.

ಇಷ್ಟೂ ಜನ ಬೆಳಿಗ್ಗೆ ಎದ್ದು ಎಲ್ಲಿಗೋ ಹೋಗಬೇಕು. ಕೊರೊನಾಕ್ಕೆ ಮೊದಲು ಮುಂಬೈ ಲೋಕಲ್‌ಗಳು ದಿನಕ್ಕೆ ಸುಮಾರು 75 ಲಕ್ಷ ಪ್ರಯಾಣಿಕರನ್ನು ಹೊರುತ್ತಿದ್ದವು. ಜನದಟ್ಟಣೆಯ ಹೊತ್ತಿನಲ್ಲಿ ಬೋಗಿಯ ನೆಲದ ಪ್ರತಿ ಚದರ ಮೀಟರಿನಲ್ಲಿ 14ರಿಂದ 16 ಜನ ನಿಲ್ಲುತ್ತಾರೆ ಎಂಬುದು ರೈಲ್ವೆಯೇ ಒಪ್ಪಿಕೊಂಡ ಲೆಕ್ಕ. ಅದಕ್ಕೆ ಅವರು ಇಟ್ಟ ಹೆಸರು ‘ಸೂಪರ್ ಡೆನ್ಸ್ ಕ್ರಶ್ ಲೋಡ್’. ಹದಿನಾಲ್ಕನ್ನೇ ಹಿಡಿಯೋಣ, ಉಸಿರಾಡಲಿ. ಆ ಲೆಕ್ಕದಲ್ಲಿ ಉಪನಗರದ 93 ಲಕ್ಷ ಚಿಲ್ಲರೆ ಜನರನ್ನೂ ನಿಲ್ಲಿಸಲು 165 ಎಕರೆ ಸಾಕು. ಬೆಂಗಳೂರಿನ ಲಾಲ್‌ಬಾಗ್ 240 ಎಕರೆ. ಇಡೀ ಉಪನಗರ ಲಾಲ್‌ಬಾಗಿನೊಳಗೆ ಬಂದು ನಿಂತು, ಫಲಪುಷ್ಪ ಪ್ರದರ್ಶನಕ್ಕೆ 75 ಎಕರೆ ಬಿಟ್ಟುಕೊಡಬಹುದು. ಇನ್ನೂ ದೊಡ್ಡದು ಬೇಕೇ? ಅದೇ ಇಕ್ಕಟ್ಟಿನಲ್ಲಿ ಭಾರತದ 145 ಕೋಟಿ ಜನರಿಗೂ ಬೇಕಾದ ಜಾಗ 104 ಚದರ ಕಿಲೋಮೀಟರ್. ಈ ಅಂಕಿಯನ್ನು ಆಗಲೇ ಓದಿದ್ದೀರಿ: ಅದು ಆ ಚಿರತೆಗಳ ಕಾಡು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗಿನ ಪ್ರತಿಯೊಬ್ಬರೂ ಆ ಉದ್ಯಾನದಲ್ಲಿ ಹಿಡಿಸುತ್ತಾರೆ. ಇಳಿಯುವವರಿಗೆ ದಾರಿ ಬಿಡಬೇಕು, ಅಷ್ಟೆ.

ವಿಮಾನದ ಮಾತನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತೇನೆ. ಸಾಂತಾಕ್ರೂಜ್, ಅಂಧೇರಿಗಳ ನಡುವಿನ ನಿಲ್ದಾಣದ ಎರಡು ರನ್‌ವೇಗಳು ಒಂದನ್ನೊಂದು ಕತ್ತರಿಸುವುದರಿಂದ ಒಂದು ಸಲಕ್ಕೆ ಒಂದನ್ನೇ ಬಳಸಬೇಕು. ಆ ಒಂದರ ಮೇಲೆ ಒಂದೇ ದಿನದಲ್ಲಿ ಸಾವಿರಕ್ಕೂ ಹೆಚ್ಚು ವಿಮಾನಗಳು ಏರಿಳಿದದ್ದಿದೆ. 86 ಸೆಕೆಂಡಿಗೊಂದು. ನೀವು ಈ ಪ್ಯಾರಾ ಓದಿ ಮುಂದಿನದಕ್ಕೆ ಹೋಗುವಷ್ಟರಲ್ಲಿ ಇನ್ನೊಂದು ತಲೆಯ ಮೇಲೆ.

ಮುಂದಿನದು ಎರಡು ಸಾವಿರ ವರ್ಷ ಹಿಂದಕ್ಕೆ. ಉಪನಗರದ ಅತಿ ಹಳೆಯ ಹೌಸಿಂಗ್ ಕಾಲನಿ ಆ ಕಾಡಿನೊಳಗೇ ಇದೆ: ಕನ್ಹೇರಿ. ಕಪ್ಪು ಬಂಡೆಯಲ್ಲಿ ಕೊರೆದ ನೂರಕ್ಕೂ ಹೆಚ್ಚು ಗುಹೆಗಳು. ಬೌದ್ಧ ಭಿಕ್ಷುಗಳ ಈ ವಸತಿಯ ಮೊದಲ ಉಳಿಪೆಟ್ಟು ಬಿದ್ದು ಸುಮಾರು ಎರಡು ಸಾವಿರ ವರ್ಷ; ಸಾವಿರ ವರ್ಷದಷ್ಟು ಕಾಲ ಜನ ಇಲ್ಲಿ ಇದ್ದರು. ಕೋಣೆಗೆ ಕಲ್ಲಿನದೇ ಮಂಚ, ಎದುರಿಗೆ ಪಡಸಾಲೆ, ಪಕ್ಕದಲ್ಲಿ ಮಳೆನೀರು ಹಿಡಿಯುವ ತೊಟ್ಟಿ, ಮೇಲಿನಿಂದ ನೀರು ಇಳಿದುಬರಲು ಬಂಡೆಯಲ್ಲೇ ಕೊರೆದ ಕಾಲುವೆ. ಇಂದು ಸೊಸೈಟಿಯ ಕಟ್ಟಡಕ್ಕೆ ಮೂವತ್ತು ತುಂಬಿತೆಂದರೆ ರೀಡೆವಲಪ್‌ಮೆಂಟ್ ಮಾತು ಶುರುವಾಗುವ ಊರಿದು. ಆ ಲೆಕ್ಕದಲ್ಲಿ ಕನ್ಹೇರಿಯನ್ನು ಇಷ್ಟರಲ್ಲಿ 66 ಸಲ ಕೆಡವಿ ಕಟ್ಟಬೇಕಿತ್ತು. ಕನ್ನಡಿಗರಿಗೆ ಅಲ್ಲೊಂದು ಗುರುತಿನ ಹೆಸರೂ ಸಿಗುತ್ತದೆ. ಗೋಡೆಗಳ ಮೇಲಿರುವ ಒಂಬತ್ತನೆಯ ಶತಮಾನದ ಶಾಸನಗಳು ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯನ್ನು ನೆನೆಯುತ್ತವೆ. ಕವಿರಾಜಮಾರ್ಗದ ನೃಪತುಂಗನೇ. ಮಳಖೇಡದ ದೊರೆಯ ಹೆಸರು ಇಲ್ಲಿ ಬೊರಿವಲಿ ಸ್ಟೇಷನ್ನಿನಿಂದ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರದಲ್ಲಿ ಕೂತು ಸಾವಿರದ ನೂರಕ್ಕೂ ಹೆಚ್ಚು ವರ್ಷ ಕಳೆದಿದೆ.

ಈ ಊರಿನ ಹೆಮ್ಮೆಯ ಅಂಕಿ ಮಾತ್ರ ಹೊಸದು. 2009ರಲ್ಲಿ ತೆರೆದ ಬಾಂದ್ರಾ–ವರ್ಲಿ ಸೀ ಲಿಂಕ್, ಕಡಲ ಮೇಲೆ 5.6 ಕಿಲೋಮೀಟರ್. ಇದರ ಬಗ್ಗೆ ಎಲ್ಲ ಕಡೆ ಓಡಾಡುವ ಎರಡು ಮಾತುಗಳಿವೆ. ಒಂದು, ಸೇತುವೆಯ ತೂಕ 50,000 ಆಫ್ರಿಕನ್ ಆನೆಗಳಷ್ಟು. ಎರಡು, ಇದಕ್ಕೆ ಬಳಸಿದ ಉಕ್ಕಿನ ತಂತಿಯ ಉದ್ದ ಭೂಮಿಯ ಸುತ್ತಳತೆಯಷ್ಟು. ತಂತಿಯ ಉದ್ದ 37,680 ಕಿಲೋಮೀಟರ್ ಎಂದು ಅದೇ ಬಾಯಿ ಹೇಳುತ್ತದೆ. ಭೂಮಿಯ ನಡುಪಟ್ಟಿ 40,075. ಇಷ್ಟು ಚಂದದ ಹೋಲಿಕೆಗೆ ಅಡ್ಡಮಾತು ಆಡಬಾರದು, ಆದರೂ ತಂತಿ ಹಿಡಿದು ಹೊರಟವನು ಕನ್ಯಾಕುಮಾರಿಯಿಂದ ದಿಲ್ಲಿಯಷ್ಟು ದೂರ ಬಾಕಿ ಇರುವಾಗಲೇ ಬರಿಗೈಯಲ್ಲಿ ನಿಲ್ಲುತ್ತಾನೆ. ಆನೆಯ ಲೆಕ್ಕವನ್ನು ಹಾಗೇ ಇಟ್ಟುಕೊಳ್ಳೋಣ. ಆರು ಟನ್ನಿಗೆ ಒಂದು ಆನೆ. ಮುಂದೆ ಬೇಕಾಗುತ್ತದೆ.

ಏಕೆಂದರೆ ಮಳೆ ಬಂತು.

ಸಾಂತಾಕ್ರೂಜಿನ ಹವಾಮಾನ ಕೇಂದ್ರದ ಉಳಿದ ದಾಖಲೆಗಳು ಸಜ್ಜನಿಕೆಯವು. ಅತಿ ಹೆಚ್ಚು ಸೆಕೆ 42.2 ಡಿಗ್ರಿ, 1952ರ ಏಪ್ರಿಲಿನಲ್ಲಿ. ಅತಿ ಹೆಚ್ಚು ಚಳಿ 7.4 ಡಿಗ್ರಿ, 1962ರ ಜನವರಿಯಲ್ಲಿ. ಕಲಬುರಗಿಯವರು ಮೊದಲನೆಯದಕ್ಕೆ, ಬೀದರಿನವರು ಎರಡನೆಯದಕ್ಕೆ ನಗಬಹುದು. ಮಳೆಗೆ ಮಾತ್ರ ಯಾರೂ ನಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ವಾಡಿಕೆಯಾಗಿ 2,300 ಮಿಲಿಮೀಟರ್ ಸುರಿದು, ಉಳಿದ ಎಂಟು ತಿಂಗಳು ಆಕಾಶ ಹೆಚ್ಚುಕಡಿಮೆ ಸುಮ್ಮನಿರುತ್ತದೆ. 2023ರ ಜುಲೈ ಒಂದರಲ್ಲೇ ಬಿದ್ದದ್ದು ಸುಮಾರು 1,770 ಮಿಲಿಮೀಟರ್. ಹರಿಯದೆ, ಇಂಗದೆ ನಿಂತಿದ್ದರೆ ಐದಡಿ ಹತ್ತಂಗುಲ. ನಮ್ಮಲ್ಲಿ ಅಷ್ಟು ಎತ್ತರದ ಗಂಡಸರು ಕಡಿಮೆ.

ಆದರೂ ಅದು ಒಂದು ತಿಂಗಳ ಕೆಲಸ. 2005ರ ಜುಲೈ 26ರಂದು ಶುರುವಾದದ್ದು 24 ಗಂಟೆಯ ಕೆಲಸ. ಮಾರನೆಯ ಬೆಳಿಗ್ಗೆ ಎಂಟೂವರೆಗೆ ಸಾಂತಾಕ್ರೂಜಿನ ಮಾಪಕ ತೋರಿಸಿದ್ದು 944 ಮಿಲಿಮೀಟರ್. ಬೆಂಗಳೂರಿನಲ್ಲಿ ವರ್ಷವಿಡೀ, ಯುಗಾದಿಯ ಮೊದಲ ಮಳೆಯಿಂದ ಕಾರ್ತಿಕದ ಕೊನೆಯ ಜಡಿವರೆಗೆ, ಸುರಿಯುವುದು 970, 980. ವಿಜಯಪುರಕ್ಕೆ ಅದು ಒಂದೂವರೆ ವರ್ಷದ ಮಳೆ. ನಗರದ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿಲಿಮೀಟರ್ ಸಾಗಿಸಲು. ಆ ಮಧ್ಯಾಹ್ನ ಒಂದು ಗಂಟೆಯಲ್ಲಿ 190 ಬಿತ್ತು. ಅದೇ ಹೊತ್ತಿಗೆ ಕಡಲು 4.48 ಮೀಟರ್ ಉಬ್ಬರದಲ್ಲಿತ್ತು. ಮಂಗಳೂರಿನ ಕಡಲ ಉಬ್ಬರ ಎರಡು ಮೀಟರಿನೊಳಗೆ ಮುಗಿಯುತ್ತದೆ. ಇಲ್ಲಿ ನೀರು ಕಡಲಿಗೆ ಹೋಗುವ ಬದಲು ಕಡಲೇ ಊರಿಗೆ ಬಂತು. ಅದೇ ದಿನ, ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದಕ್ಷಿಣದ ಕೊಲಾಬಾದಲ್ಲಿ ದಾಖಲಾದದ್ದು 73 ಮಿಲಿಮೀಟರ್. ಹದಿಮೂರರಲ್ಲಿ ಒಂದು ಪಾಲು! ಕೊಲಾಬಾದವರು ಕೊಡೆ ಮಡಚುವಾಗ ಕುರ್ಲಾದವರು ಮೊದಲ ಮಹಡಿಗೆ ಹತ್ತುತ್ತಿದ್ದರು. ಹತ್ತಲು ಮಹಡಿ ಇಲ್ಲದವರೂ ಇದ್ದರು. ಮುಂಬೈಯೊಂದರಲ್ಲೇ ನಾನೂರಕ್ಕೂ ಹೆಚ್ಚು ಜನ ಸತ್ತರು. ಈ ಲೆಕ್ಕಕ್ಕೆ ಹೋಲಿಕೆ ಹುಡುಕುವ ಮನಸ್ಸಿಲ್ಲ.

ನೀರಿನ ಲೆಕ್ಕಕ್ಕೆ ಆನೆಗಳನ್ನು ಕರೆಯುತ್ತೇನೆ. 300 ಚದರಡಿಯ ತಾರಸಿಯ ಮೇಲೆ ಆ ದಿನ ಬಿದ್ದ ನೀರು 26 ಟನ್, ನಾಲ್ಕು ಆನೆ ಮತ್ತು ಒಂದು ಮರಿ. ಒಂದು ಎಕರೆಯ ಮೇಲೆ 637 ಆನೆ. ಒಂದು ಚದರ ಕಿಲೋಮೀಟರಿನ ಮೇಲೆ 1,57,000 ಆನೆ. ಅಂದರೆ ಸೀ ಲಿಂಕಿನಂಥ ಮೂರು ಸೇತುವೆಗಳು ಒಂದೊಂದು ಚದರ ಕಿಲೋಮೀಟರಿನ ಮೇಲೂ ಆಕಾಶದಿಂದ ಕಳಚಿಬಿದ್ದ ಹಾಗೆ. ಮಳೆ ಜಿಲ್ಲೆಯ ಮೂಲೆ ಮೂಲೆಗೂ ಒಂದೇ ಸಮ ಬೀಳಲಿಲ್ಲ, ನಿಜ. ಬಿದ್ದಿತ್ತು ಎಂದುಕೊಂಡು ಗುಣಿಸುವ ಚಪಲವನ್ನು ತಡೆಯಲು ನನ್ನಿಂದಾಗದು. 446 ಚದರ ಕಿಲೋಮೀಟರಿಗೆ 42 ಕೋಟಿ ಟನ್ ನೀರು. ಏಳು ಕೋಟಿ ಆನೆ. ಉಪನಗರದ ತಲೆಗೆ ಏಳೂವರೆ. ಅಥವಾ ಹೀಗೆ ಹಂಚಿ: 2011ರ ಲೆಕ್ಕದಂತೆ ಕರ್ನಾಟಕದ ಆರು ಕೋಟಿ ಹನ್ನೊಂದು ಲಕ್ಷ ಜನರಿಗೆ ತಲೆಗೊಂದು ಆನೆ ಕೊಟ್ಟು, ಉಳಿದದ್ದನ್ನು ಉಪನಗರದವರಿಗೆ ತಲೆಗೊಂದರಂತೆ ಕೊಡುತ್ತಾ ಬಂದರೆ ಕೊನೆಯ ಮೂರು ಲಕ್ಷ ಜನರಿಗೆ ಮಾತ್ರ ಸಾಲುವುದಿಲ್ಲ. ಅವರನ್ನು ಹೆಚ್ಚುವರಿ ಗಂಡಸರಲ್ಲಿ ಹುಡುಕಬೇಕು.

ಹೀಗೆ ಕೂಡಿಸಿ ಭಾಗಿಸುತ್ತಾ ಹೋದಂತೆ ನನಗೆ ಅನಿಸಿದ್ದು, ಇಲ್ಲಿನ ಪವಾಡವೆಲ್ಲ ಇರುವುದು ಅಂಶದಲ್ಲಲ್ಲ, ಛೇದದಲ್ಲಿ. 93 ಲಕ್ಷ ಜನ ಭೂಮಿಯ ಮೇಲೆ ಬೇರೆಡೆಯೂ ಇದ್ದಾರೆ, 944 ಮಿಲಿಮೀಟರನ್ನು ಮೀರಿಸಿದ ಮಳೆ ಚಿರಾಪುಂಜಿಯಲ್ಲಿ ಬಿದ್ದಿದೆ. ಅವೆರಡನ್ನೂ 446ರಿಂದ ಭಾಗಿಸುವ ಊರು ಬೇರೆ ಕಂಡಿಲ್ಲ.

ಇನ್ನು ಆ ಛೇದದ ವಯಸ್ಸು. ಅಂಧೇರಿ ಪಶ್ಚಿಮದಲ್ಲಿ, ಝೋಪಡಿಗಳೂ ಟವರುಗಳೂ ಮೈಗೆ ಮೈ ತಾಗಿಸಿ ಸುತ್ತುವರಿದ ಒಂದು ಕಲ್ಲುಗುಡ್ಡ ನೆಟ್ಟಗೆ ಎದ್ದುನಿಂತಿದೆ. ಗಿಲ್ಬರ್ಟ್ ಹಿಲ್. ಎತ್ತರ 61 ಮೀಟರ್, ಇಪ್ಪತ್ತು ಮಹಡಿಯ ಕಟ್ಟಡದಷ್ಟು. ಮೈಯೆಲ್ಲ ಉದ್ದುದ್ದ ಕಂಬಗಳನ್ನು ಜೋಡಿಸಿಟ್ಟ ಹಾಗೆ ಗೀರುಗಳು, ಕೊರೆದ ಮೆಟ್ಟಿಲು, ನೆತ್ತಿಯಲ್ಲಿ ಗಾಂವ್‌ದೇವಿಯ ಗುಡಿ. ವಯಸ್ಸು ಆರು ಕೋಟಿ ಅರವತ್ತು ಲಕ್ಷ ವರ್ಷ. ಸೊಸೈಟಿಯ ಲೆಕ್ಕದಲ್ಲಿ ಇಪ್ಪತ್ತೆರಡು ಲಕ್ಷ ಸಲ ರೀಡೆವಲಪ್‌ಮೆಂಟಿಗೆ ಹೋಗಬೇಕಾಗಿದ್ದ ಕಟ್ಟಡ. ಇಲ್ಲೊಂದು ಕಡೆ ಮಾತ್ರ ಉಡುಪಿಯವರು ತಲೆ ಎತ್ತಬಹುದು: ಇಂಥದೇ ಕಂಬಗಲ್ಲುಗಳಿರುವ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಸುಮಾರು ಎಂಟು ಕೋಟಿ ಎಂಬತ್ತು ಲಕ್ಷ. ಮುಂಬೈಗೆ ಹೋದ ಉಡುಪಿಯವರು ಅಲ್ಲಿಯ ಗುಡ್ಡಕ್ಕಿಂತ ಎರಡು ಕೋಟಿ ವರ್ಷ ಹಿರಿಯ ನೆಲದಿಂದ ಹೋದವರು.

ಗಿಲ್ಬರ್ಟ್ ಹಿಲ್ ಒಂಟಿಯಲ್ಲ. ಅದನ್ನು ಹೊರಹಾಕಿದ ದಖನ್ನಿನ ಲಾವಾ ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರಿನ ಕಪ್ಪು ನೆಲದ ಅಡಿಯಲ್ಲೂ ಅದೇ ಕಲ್ಲು. ಆ ಲಾವಾದ ಹಾಸನ್ನು ಉಪನಗರದ ಸಾಂದ್ರತೆಯಲ್ಲಿ ತುಂಬಿದರೆ 1,049 ಕೋಟಿ ಜನ. ಇಡೀ ಮನುಕುಲ ಬಂದು ಕೂತ ಮೇಲೂ ಇನ್ನೂರು ಕೋಟಿಗೂ ಮೀರಿದ ಜನರ ಜಾಗ ಬಾಡಿಗೆಗೆ ಖಾಲಿ. ಉಳಿದಿರುವ ಆ ಕಲ್ಲಿನ ಗಾತ್ರ ಸುಮಾರು ಐದು ಲಕ್ಷ ಘನ ಕಿಲೋಮೀಟರ್ ಎಂದು ಅಂದಾಜು. ಅದನ್ನು ಮತ್ತೆ ಕರಗಿಸಿ ಭೂಮಿಯ ಮೇಲೆಲ್ಲ, ಕಡಲು ಹಿಮ ಮರುಭೂಮಿ ಎನ್ನದೆ 51 ಕೋಟಿ ಚದರ ಕಿಲೋಮೀಟರಿಗೆ ಸಮನಾಗಿ ಸುರಿದರೆ 98 ಸೆಂಟಿಮೀಟರ್ ದಪ್ಪ ಬರುತ್ತದೆ. ಸಾಂತಾಕ್ರೂಜಿನ ಮಾಪಕದಲ್ಲಿ ಆ ಬೆಳಿಗ್ಗೆ ಇದ್ದದ್ದು 94. ಲಾವಾಕ್ಕೆ ಲಕ್ಷಾಂತರ ವರ್ಷ ಹಿಡಿಯಿತು, ಮಳೆಗೆ ಒಂದು ಹಗಲು, ಒಂದು ರಾತ್ರಿ.